ವಿನ್ಯಾಸದಂತೆ

ಡೆಟ್ರಾಯಿಟ್‌ನ ಜನರಲ್ ಮೋಟಾರ್ಸ್‌ನಲ್ಲಿ ಕಾರಿಗೆ ಬರ ಬಂದರೂ ಸಭೆಗೆ ಬರವಿರಲಿಲ್ಲ. ಒಂದು ಸಭೆ ಮುಗಿದಾಗ ಹೊಸ ಎಂಜಿನಿಯರ್ ಹಳಬನನ್ನು ಹಿಡಿದ.

“ಎಲ್ಲರೂ ತಲೆಯಾಡಿಸಿದ್ರಲ್ಲ ಸಾರ್, ಕೆಲಸ ಯಾವಾಗ ಶುರು?”

“ಮುಗೀತಲ್ಲಪ್ಪ! ತಲೆಯಾಡಿಸಿದ್ದೇ ಕೆಲಸ. ‘ಜಿಎಂ ನಾಡ್’ ಅಂತಾರೆ.”

“ಜವಾಬ್ದಾರಿ ಯಾರದು?”

ಹಳಬ ಎದೆಯ ಮೇಲೆ ಕೈ ಅಡ್ಡ ಇಟ್ಟು, ಬೆರಳುಗಳನ್ನು ಅಕ್ಕಪಕ್ಕಕ್ಕೆ ಚಾಚಿದ. “ಇದು ‘ಜಿಎಂ ಸೆಲ್ಯೂಟ್’.”

“ನಿಮ್ಮ ಕಡೆಗೊಂದು ಬೆರಳೂ ಇಲ್ವಲ್ಲ?”

“ಅನುಭವ ಅನ್ನೋದು ಸುಮ್ನೆ ಬರಲ್ಲ.”

“ಕೀಗೊಂಚಲು ಭಾರವಾದ್ರೆ ನಮ್ಮ ಇಗ್ನಿಷನ್ ಸ್ವಿಚ್ ಜಾರಿ, ಓಡೋ ಕಾರೇ ಆಫ್ ಆಗುತ್ತೆ; ಏರ್‌ಬ್ಯಾಗೂ ಬಿಚ್ಚಲ್ಲ. ಇದು ದೋಷ ಅಲ್ವೇ?”

“ಶ್! ಬರೆಯಬಾರದ 69 ಪದಗಳ ಪಟ್ಟಿ 2008ರಲ್ಲೇ ಕೊಟ್ಟಿದ್ದಾರೆ. ‘ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ’ ಅನ್ನು.”

“ಹಾಗಾದ್ರೆ ನಮ್ಮ ಮೇಲಿನವರು?”

“ಅವರು ವಿನ್ಯಾಸದಂತೆಯೇ ಕೆಲಸ ಮಾಡ್ತಿದ್ದಾರೆ.”

ಆ ಸ್ವಿಚ್‌ನಿಂದಾಗಿ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಕಂಪನಿಯ ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124. 2014ರ ಜೂನ್‌ನಲ್ಲೇ, ಕಂಪನಿಗಾಗಿ ತನಿಖೆ ಮಾಡಿದ ವಕೀಲ ಆಂಟನ್ ವಲುಕಸ್ ಅವರ ವರದಿ ಬಂತು. ನಾಡ್, ಸೆಲ್ಯೂಟ್ ಎರಡೂ ಅದರಲ್ಲಿ ಅಚ್ಚಾಗಿದ್ದವು.

“2006ರಲ್ಲಿ ಸ್ವಿಚ್ ಬದಲಾಯಿಸಿ, ಬಿಡಿಭಾಗದ ನಂಬರ್ ಮಾತ್ರ ಹಳೇದೇ ಇಟ್ರಂತೆ?”

“ಹುದ್ದೆಯ ಹೆಸರು ಬದಲಾಯಿಸಿ ಗುಣ ಹಾಗೇ ಇಟ್ಕೊಳ್ಳೋರ ಮಧ್ಯೆ, ಗುಣ ಬದಲಾಯಿಸಿ ಹೆಸರು ಹಾಗೇ ಇಟ್ಟ ಪುಣ್ಯಾತ್ಮ!”

“15 ಜನರನ್ನ ತೆಗೆದ್ರಂತೆ ಸಾರ್. ಅವರ ಕೆಲಸ ಇನ್ಯಾರು ಮಾಡ್ತಾರೆ?”

“ಯಾವ ಕೆಲಸ?”