ಎಕ್ಸ್‌ರೇಗೆ ಸಿಗದ ಕಲ್ಲು

ಕಿಡ್ನಿಯಲ್ಲಿ ಕಲ್ಲಾದವರಿಗೆ ನಮ್ಮಲ್ಲಿ ಒಂದು ಮರ್ಯಾದೆಯಿದೆ. 'ಹೆರಿಗೆ ನೋವಿಗೆ ಸಮ ಕಣ್ರೀ' ಎಂದು ಹೆತ್ತವರೇ ಸರ್ಟಿಫಿಕೇಟು ಕೊಡುತ್ತಾರೆ. ಆದರೆ ಕಲ್ಲು ಎಕ್ಸ್‌ರೇಯಲ್ಲಿ ಕಾಣಬೇಕು. ನನ್ನದು ಕಾಣಲಿಲ್ಲ. ನಾನು ಪಕ್ಕೆ ಹಿಡಿದುಕೊಂಡು ಹೊರಳಾಡುತ್ತಿದ್ದರೆ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ ಭಾವಮೈದ, "ಏನೂ ಇಲ್ವಲ್ಲ ಭಾವ, ಗ್ಯಾಸ್ ಇರ್ಬೇಕು" ಎಂದುಬಿಟ್ಟ.

ಸಿ.ಟಿ. ಸ್ಕ್ಯಾನು ನನ್ನ ಮಾನ ಉಳಿಸಿತು. ಕಲ್ಲು ಇತ್ತು, ಯೂರಿಕ್ ಆಮ್ಲದ್ದು. ಹೆಚ್ಚಿನವರದು ಕ್ಯಾಲ್ಸಿಯಂ ಕಲ್ಲು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಯೂರಿಕ್ ಆಮ್ಲದ್ದಾದರೆ ಕಿರಣಗಳು ಗುರುತೇ ಬಿಡದೆ ದಾಟಿಹೋಗುತ್ತವೆ. ಮೂತ್ರದ ಪಿ.ಎಚ್. 5.5ಕ್ಕಿಂತ ಕೆಳಗಿಳಿದರೆ ಈ ಆಮ್ಲ ಹರಳುಗಟ್ಟುತ್ತದಂತೆ.

ಡಾಕ್ಟರು ಇನ್ನೂ ಅಪರೂಪದವನ್ನು ಹೇಳಿದರು. ಸಿಸ್ಟೀನ್ ಕಲ್ಲು ವಂಶದಲ್ಲಿ ಬರುವಂಥದ್ದು. ಅದರ ಹರಳಿಗೆ ಆರು ಮೂಲೆ. 1810ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ ಗುರುತಿಸಿದ್ದು. ಎಚ್.ಐ.ವಿ.ಗೆ ಕೊಡುತ್ತಿದ್ದ ಇಂಡಿನಾವಿರ್ ಮಾತ್ರೆಯಿಂದಾಗುವ ಕಲ್ಲಂತೂ ಸಿ.ಟಿ. ಸ್ಕ್ಯಾನಿನ ಕಣ್ಣಿಗೂ ಮಣ್ಣೆರಚುತ್ತದೆ! ಆ ರೋಗಿಗಳ ಭಾವಮೈದುನರು ಏನೆಂದರೋ.

ಮನೆಗೆ ಬಂದವರೆಲ್ಲ ವೈದ್ಯರೇ. ಬಾಳೆದಿಂಡಿನ ಪಲ್ಯ, ಹುರುಳಿ ಕಟ್ಟು, ಬಾರ್ಲಿ ನೀರು ಸರದಿಯ ಮೇಲೆ ಬಂದವು. ಎದುರುಮನೆ ರಾಯರು ಮಾತ್ರ ದನಿ ತಗ್ಗಿಸಿ, "ಬಿಯರ್ ಕುಡೀರಿ, ಕಂಪನಿಗೆ ನಾನಿದೀನಿ" ಎಂದರು. ಬಿಯರ್ ಯೂರಿಕ್ ಆಮ್ಲವನ್ನು ಏರಿಸುತ್ತದೆಂದು ತಿಳಿದಾಗ ಅವರ ಮುಖವೇ ನನ್ನದಕ್ಕಿಂತ ಹೆಚ್ಚು ಬಾಡಿತು.

ಚಿಕಿತ್ಸೆ ಸಪ್ಪೆ: ನೀರಿನಲ್ಲಿ ಬೆರೆಸಿ ಕುಡಿಯುವ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ಪು. ಬೆಳಿಗ್ಗೆ ಎದ್ದು ಕಾಗದದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದು, ಹಳದಿಯೋ ಹಸಿರೋ ಎಂದು ಸೀರೆ ಆರಿಸುವವರ ಹಾಗೆ ತಲೆ ವಾಲಿಸಿ ನೋಡಬೇಕು. ಪಿ.ಎಚ್. 6.5ರ ಆಸುಪಾಸಿನಲ್ಲಿರಬೇಕು, 7 ದಾಟಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲಿನ ಭಯ. ಅಂತೂ ಕತ್ತರಿ ಆಡಿಸದೆಯೇ ಕಲ್ಲು ಕರಗಿತು. ನಷ್ಟ ಒಂದೇ. ಗೆಳೆಯನೊಬ್ಬ ತನ್ನ ಕಲ್ಲನ್ನು ಶೀಶೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾನೆ. ನನಗೆ ತೋರಿಸಲು ಬಿಲ್ಲೊಂದೇ ಉಳಿದಿದೆ.

ಕರಗುವ ಭಾಗ್ಯ ಎಲ್ಲ ಕಲ್ಲಿಗೂ ಇಲ್ಲ. ಕ್ಯಾಲ್ಸಿಯಂ ಆಕ್ಸಲೇಟ್ ಯಾವ ಸಿರಪ್ಪಿಗೂ ಜಗ್ಗದು. ಆದ್ದರಿಂದ ನಿಮ್ಮ ಕಲ್ಲು ಬಿದ್ದರೆ ಸೋಸಿ ಹಿಡಿದು ಲ್ಯಾಬಿಗೆ ಕೊಡಿ. ಜಾತಿ ತಿಳಿದರೆ ಮುಂದಿನದನ್ನು ತಡೆಯುವ ದಾರಿ ತಿಳಿಯುತ್ತದೆ. ಸೋಸಲು ಮಾತ್ರ ಹೊಸ ಜಾಲರಿ ಕೊಳ್ಳಿ, ಅಡುಗೆಮನೆಯ ಟೀ ಸೋಸುವುದನ್ನು ಮುಟ್ಟಬೇಡಿ.