ಹಲವು ಬಾರಿ ಫಾರ್ವರ್ಡ್ ಆದವರ ಜೊತೆ ಮಾತುಕತೆ

ಸಮಾಜ ಕಾರ್ಯಕರ್ತರ ತರಬೇತಿಯಲ್ಲಿ ‘ಮಾಧ್ಯಮ ಸಾಕ್ಷರತೆ ಮತ್ತು ಸಂವಹನ ಕೌಶಲ’ ಎಂಬ ವಿಷಯಕ್ಕೆ ಸಾಮಾನ್ಯವಾಗಿ ಊಟದ ನಂತರದ ಅವಧಿ ಸಿಗುತ್ತದೆ. ತಜ್ಞರು ಬರುತ್ತಾರೆ, ಪವರ್‌ಪಾಯಿಂಟ್ ತೋರಿಸುತ್ತಾರೆ, ಶಾಲು ಹೊದೆಸಿಕೊಂಡು ಹೋಗುತ್ತಾರೆ. ಸಂವಹನದಲ್ಲಿ ನಿಜವಾಗಿ ಗೆದ್ದವರನ್ನು ಮಾತ್ರ ಯಾರೂ ವೇದಿಕೆಗೆ ಕರೆದಿಲ್ಲ. ಆ ಕೊರತೆ ತುಂಬಲು ವಾಟ್ಸಾಪ್ ಫಾರ್ವರ್ಡ್ ಅವರನ್ನೇ ಮಾತಾಡಿಸಿದೆವು. ಎದೆಯ ಮೇಲೆ ಎರಡು ಬಾಣದ ಗುರುತು ಧರಿಸಿ ಗತ್ತಿನಿಂದ ಬಂದರು. ಹೆಸರು ಕೇಳಿದರೆ ನಕ್ಕರು. ಊರು ಕೇಳಿದರೆ ‘ಪಕ್ಕದ ಊರು’ ಎಂದರು. ಯಾವತ್ತು ಹುಟ್ಟಿದಿರಿ ಎಂದರೆ ‘ನಿನ್ನೆ ರಾತ್ರಿ’ ಎಂದರು.

ನಾವು: 2018 ನಿಮ್ಮ ವೃತ್ತಿಜೀವನದ ಉತ್ತುಂಗ ಎನ್ನುತ್ತಾರೆ.

ಫಾರ್ವರ್ಡ್: ಹೊಗಳಿಕೆ ಬೇಡ ಸ್ವಾಮಿ. ‘ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು’ ಅನ್ನೋ ಒಂದು ಸಾಲು, ಜೊತೆಗೊಂದು ವಿಡಿಯೊ, ಅಷ್ಟೇ ನನ್ನ ಬಂಡವಾಳ. ಮೇ 23ಕ್ಕೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ 26 ವರ್ಷದ ಹುಡುಗನನ್ನು ಹಗ್ಗದಲ್ಲಿ ಕಟ್ಟಿ ಬಡಿದು ಕೊಂದರು. ಜುಲೈ 1ಕ್ಕೆ ಮಹಾರಾಷ್ಟ್ರದ ಧುಳೆ ಜಿಲ್ಲೆ ರೈನ್‌ಪಾಡಾದಲ್ಲಿ ಅಲೆಮಾರಿ ಗೋಸಾವಿಗಳು ಐದು ಜನ. ಜುಲೈ 13ಕ್ಕೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರು. ಅವರ ತಂಡ ದಾರೀಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತಂತೆ. ಜನ ಬೆನ್ನು ಹತ್ತಿದರು, ಇವರು ಕಾರು ಓಡಿಸಿದರು. ನಾನು ಕಾರಿಗಿಂತ ಮುಂಚೆ ಮುರ್ಕಿಗೆ ಹೋಗಿದ್ದೆ. ಒಂದು ಮಾತು ಬರಕೊಳ್ಳಿ, ನಾನು ಯಾರಿಗೂ ಕೈ ಮಾಡಿಲ್ಲ. ಎಚ್ಚರ ಹೇಳೋದು ತಪ್ಪಾ?

ನಾವು: ಆ ವಿಡಿಯೊ ಎಲ್ಲಿಯದು?

ಫಾರ್ವರ್ಡ್: ಕರಾಚಿಯದು. ನಿಜ ಹೇಳಬೇಕೆಂದರೆ ಹಡೆದದ್ದು ನಿಮ್ಮವರೇ. ನನ್ನ ತಾಯಿ ಒಂದು ಸಮಾಜ ಸೇವಾ ಸಂಸ್ಥೆ.

ನಾವು: ಇದು ಸುಳ್ಳಲ್ಲ ಎಂಬುದೇ ಈ ಸಂದರ್ಶನಕ್ಕೆ ಕಾರಣ. ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುವ ಕರಾಚಿಯ ರೋಶನಿ ಹೆಲ್ಪ್‌ಲೈನ್ 2016ರಲ್ಲಿ ಜಾಗೃತಿಗಾಗಿ ಆ ಚಿತ್ರ ಮಾಡಿಸಿತು. ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಸಿಸಿಟಿವಿಯಲ್ಲಿ ಸೆರೆಯಾದ ಹಾಗೆ ಬೇಕೆಂದೇ ಮಸುಕಾಗಿ ತೆಗೆದ ದೃಶ್ಯ. ಕೊನೆಗೆ ಬೈಕು ವಾಪಸು ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಕರಾಚಿಯ ಬೀದಿಯಲ್ಲಿ ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂಬರ್ಥದ ಫಲಕ ಬಿಡಿಸಿ ತೋರಿಸುತ್ತಾರೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಯಾರೋ ಆ ಕೊನೆಯನ್ನು ಕತ್ತರಿಸಿ ಎಸೆದಿದ್ದರು. ಕತ್ತರಿಸಿದವನು ಅಪರಾಧಿ, ಅದರಲ್ಲಿ ಅನುಮಾನವಿಲ್ಲ. ಆದರೆ ಸಮಾಜ ಕಾರ್ಯಕರ್ತರು ಇದರಲ್ಲಿ ನೋಡಬೇಕಾದದ್ದು ಇನ್ನೊಂದಿದೆ. ಭಯವನ್ನು ಮೊದಲಿಟ್ಟು, ಸತ್ಯವನ್ನು ಕೊನೆಯ ಹತ್ತಾರು ಸೆಕೆಂಡಿಗೆ ಮುಂದೂಡಿ, ಊರು ಮತ್ತು ಸಂಸ್ಥೆಯ ಗುರುತನ್ನು ಫಲಕದ ಮೇಲಷ್ಟೇ ಬರೆದ ಸಂದೇಶ ಅದು. ಕತ್ತರಿ ಹಾಕಲು ಅದಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ಉದ್ದೇಶ ಒಳ್ಳೆಯದಿತ್ತು ಎಂಬ ಸಮಾಧಾನ ರೈನ್‌ಪಾಡಾದ ಐದು ಮನೆಗಳಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ನಮ್ಮ ವಾದ ಇಷ್ಟೇ: ಮಾಧ್ಯಮ ಸಾಕ್ಷರತೆ ಎಂದರೆ ಬೇರೆಯವರ ಸುಳ್ಳನ್ನು ಪತ್ತೆ ಹಚ್ಚುವ ವಿದ್ಯೆ ಎಂದು ಕಾರ್ಯಕರ್ತರಿಗೆ ಕಲಿಸುತ್ತಿದ್ದೇವೆ. ಮೊದಲು ಕಲಿಸಬೇಕಾದದ್ದು, ತಮ್ಮದೇ ಮಾತು ಸುಳ್ಳಿಗೆ ಕಚ್ಚಾವಸ್ತು ಆಗದಂತೆ ಕಟ್ಟುವುದು ಹೇಗೆ ಎಂಬುದನ್ನು.

ಫಾರ್ವರ್ಡ್: ಕಚ್ಚಾವಸ್ತುವಿಗೆ ಏನೂ ಕೊರತೆ ಇಲ್ಲ ಬಿಡಿ. ನಿಮ್ಮವರ ಗ್ರೂಪುಗಳಲ್ಲೇ ನನ್ನ ಬೆಳಗಿನ ತಿಂಡಿ. ಬಾಲ್ಯವಿವಾಹ ತಡೆದ ಫೋಟೊ, ರಕ್ಷಿಸಿದ ಮಗುವಿನ ಫೋಟೊ, ಕಿಟ್ ಕೊಟ್ಟ ಫೋಟೊ. ಕಿಟ್ಟಿನ ಒಂದು ತುದಿ ಹಿಡಿಯೋಕೆ ಆರು ಜನ, ಇನ್ನೊಂದು ತುದೀಲಿ ತಲೆ ತಗ್ಗಿಸಿದ ಮುದುಕಿ.

ನಾವು: ನಗುವ ವಿಷಯವಲ್ಲ, ಆದರೂ ನೀವು ಹೇಳಿದ್ದು ಸರಿ. ರಕ್ಷಿಸಿದ ಹುಡುಗಿಯ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಕಾನೂನು ಪಾಲಿಸಿದಂತಾಯಿತು ಎಂದು ಎಷ್ಟೋ ಜನ ನಂಬಿದ್ದಾರೆ. ಪಟ್ಟಿಯ ಕೆಳಗೆ ಸಮವಸ್ತ್ರದ ಮೇಲೆ ಶಾಲೆಯ ಬ್ಯಾಡ್ಜು ಹೊಳೆಯುತ್ತಿರುತ್ತದೆ, ಹಿಂದಿನ ಗೋಡೆಯ ಮೇಲೆ ಗ್ರಾಮ ಪಂಚಾಯಿತಿಯ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಆ ಊರಿನವರಿಗೆ ಮಗು ಯಾರೆಂದು ತಿಳಿಯಲು ಕಣ್ಣು ಬೇಕೇ? 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೆಸರು, ವಿಳಾಸ, ಶಾಲೆ, ಗುರುತು ಸಿಗುವಂಥ ಇನ್ನಾವುದೇ ವಿವರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಪೋಕ್ಸೊ ಕಾಯ್ದೆಯ 23ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಮಾನಸಿಕ ಅಸ್ವಸ್ಥರ ಚಿತ್ರ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿದೆ. ಫೋಟೊ ಇಲ್ಲದಿದ್ದರೆ ಮೇಲಿನವರು ವರದಿ ಒಪ್ಪುವುದಿಲ್ಲ, ದಾನಿಗಳು ಹಣ ಕೊಡುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಅದು ನಿಜವಾದ ಒತ್ತಡವೇ. ಆದರೆ ಒತ್ತಡ ಕಾರ್ಯಕರ್ತೆಯದು, ಶಿಕ್ಷೆ ಅನುಭವಿಸುವುದು ಮಗು. ಫೋಟೊ ಕೇಳುವ ಅಧಿಕಾರಿಗೂ ದಾನಿಗೂ ಈ ಕಲಂ ತೋರಿಸಿ ಇಲ್ಲ ಎನ್ನುವುದು ಹೇಗೆಂದು ಯಾವ ಸಂವಹನ ತರಬೇತಿಯೂ ಹೇಳಿಕೊಡುವುದಿಲ್ಲ. ಕೈಪಿಡಿಯಲ್ಲಿ ಇರುವುದು ಮುಗುಳ್ನಗೆಯ ಮಹತ್ವ.

ಫಾರ್ವರ್ಡ್: ಇನ್ನೊಂದು ಉಪಕಾರ ಮಾಡ್ತಾರೆ ನಿಮ್ಮವರು. ನನ್ನನ್ನ ಸುಳ್ಳು ಅಂತ ಹೇಳೋಕೆ ಮೊದಲು ನನ್ನನ್ನ ಪೂರ್ತಿ ಓದಿ ಹೇಳ್ತಾರೆ. ಜೊತೆಗೆ ಆ ಭಾಷೆ! ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಸಾರ್ವಜನಿಕರು ಯಾವುದೇ ಊಹಾಪೋಹಗಳಿಗೆ ಕಿವಿಗೊಡಬಾರದೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’ ನಾನು ಹೇಳೋದು: ‘ಅಕ್ಕಾ, ಮಕ್ಕಳನ್ನ ಹೊರಗೆ ಬಿಡಬೇಡಿ.’ ಯಾರ ಮಾತು ಕೇಳ್ತಾರೆ ಹೇಳಿ?

ನಾವು: ನಿಮ್ಮದನ್ನೇ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಮೊದಲು ಶುರುವಾದಾಗ ಪೋಷಕರ ಫೋನಿನಲ್ಲಿ ನೀವು ಆಗಲೇ ಕುಳಿತಿದ್ದಿರಿ. ಇಂಥ ಹೊತ್ತಿನಲ್ಲಿ ‘ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು’ ಎಂಬಂಥ ಭಿತ್ತಿಪತ್ರ ಅಂಟಿಸಿದರೆ ಹಾದಿಹೋಕರ ತಲೆಯಲ್ಲಿ ಉಳಿಯುವುದು ಮೊದಲರ್ಧ. ಒಂದು ಹೇಳಿಕೆ ಮತ್ತೆ ಮತ್ತೆ ಕಿವಿಗೆ ಬಿದ್ದರೆ ಅಷ್ಟಕ್ಕೇ ಅದು ನಿಜವೆನಿಸತೊಡಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಆದ್ದರಿಂದ ನಿಜವನ್ನು ಮೊದಲು ಹೇಳಬೇಕು, ಸುಳ್ಳನ್ನು ಒಮ್ಮೆ ಮಾತ್ರ ಮುಟ್ಟಬೇಕು, ಅದು ಏಕೆ ಸುಳ್ಳು ಎಂದು ಹೇಳಿ ಮತ್ತೆ ನಿಜಕ್ಕೆ ಬರಬೇಕು. ‘ಈ ಲಸಿಕೆ ದಡಾರ ತಡೆಯುತ್ತದೆ’ ಎಂಬುದು ಮೊದಲ ಸಾಲಾಗಬೇಕು. ಹಾಗೆಂದು ವದಂತಿಗೆ ಉತ್ತರವನ್ನೇ ಕೊಡದಿದ್ದರೆ ಅದು ತಾನಾಗಿ ಸಾಯುತ್ತದೆ ಎಂದುಕೊಳ್ಳುವವರು 2018ರ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಫಾರ್ವರ್ಡ್: ಏನೇ ಹೇಳಿ, ನಾನು ಗೆಲ್ಲೋದು ಜನ ದಡ್ಡರು ಅಂತ. ಓದಿದವರ ಹತ್ತಿರ ನನ್ನ ಆಟ ನಡೆಯಲ್ಲ.

ನಾವು: ಚಾಮರಾಜಪೇಟೆ ಯಾವ ಕಾಡಿನಲ್ಲಿದೆ ಸ್ವಾಮಿ? ಜನರ ದಡ್ಡತನ ಎಂಬ ವಿವರಣೆ ನಮ್ಮ ಅಧಿಕಾರಿಗಳಿಗೂ ಪ್ರಿಯವಾದದ್ದು, ಏಕೆಂದರೆ ಅದರಿಂದ ತಮ್ಮ ಮೇಲಿನ ಹೊಣೆ ಇಳಿಯುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ, ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ಶೇಕಡಾ 70ರಷ್ಟು ಹೆಚ್ಚು ಎಂದು 2018ರಲ್ಲಿ ವರದಿ ಮಾಡಿದರು. ಯಂತ್ರಚಾಲಿತ ಖಾತೆಗಳನ್ನು ಬದಿಗಿಟ್ಟು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಅಲ್ಲಿ ಹಂಚಿದವರು ಹಳ್ಳಿಯ ಅನಕ್ಷರಸ್ಥರಲ್ಲ. ಹೊಸತು, ಬೆಚ್ಚಿಬೀಳಿಸುವುದು, ಹೇಸಿಗೆ ತರಿಸುವುದು ಯಾರ ಬೆರಳನ್ನೂ ಚುರುಕುಗೊಳಿಸುತ್ತದೆ. ತಾಯಿಯೊಬ್ಬಳು ಮಕ್ಕಳ ಕಳ್ಳರ ಸಂದೇಶವನ್ನು ಕಳಿಸುವುದು ಅವಳಿಗೆ ಮಗು ಇದೆ ಎಂಬ ಕಾರಣಕ್ಕೆ. ಅವಳನ್ನು ದಡ್ಡಿ ಎಂದು ಕರೆದು ಮಾತು ಶುರು ಮಾಡುವ ಕಾರ್ಯಕರ್ತೆಗೆ ಬಾಗಿಲು ಅಲ್ಲಿಗೇ ಮುಚ್ಚಿತು. ಹೆದರಿಕೆ ಸಹಜ ಎಂದು ಒಪ್ಪಿ, ನಿಮಗೆ ಇದನ್ನು ಕಳಿಸಿದವರು ಯಾರು, ಅವರಿಗೆ ಯಾರು ಕಳಿಸಿದರು, ಯಾವ ಊರಂತೆ, ಆ ಊರಿನ ಠಾಣೆಗೆ ಒಂದು ಫೋನ್ ಮಾಡೋಣವೇ ಎಂದು ಜೊತೆಯಲ್ಲೇ ಕೂತು ಕೇಳುವವಳಿಗೆ ಅದು ತೆರೆದೇ ಇರುತ್ತದೆ.

ಫಾರ್ವರ್ಡ್: ಅಷ್ಟು ಕಷ್ಟ ಯಾಕೆ? ಜೀಪಿಗೆ ಮೈಕ್ ಕಟ್ಟಿ ಕೂಗಿಸಿದರಾಯಿತು.

ನಾವು: ತ್ರಿಪುರಾದಲ್ಲಿ ಅದನ್ನೇ ಮಾಡಿದರು. 2018ರ ಜೂನ್ 28ರಂದು, ವದಂತಿ ನಂಬಬೇಡಿ ಎಂದು ಧ್ವನಿವರ್ಧಕದಲ್ಲಿ ಹಳ್ಳಿ ಹಳ್ಳಿಗೆ ಸಾರಲು ಸರ್ಕಾರವೇ ನೇಮಿಸಿದ ಯುವಕನನ್ನು ಸಬ್ರೂಮ್ ಬಳಿ ಗುಂಪು ಮಕ್ಕಳ ಕಳ್ಳನೆಂದು ಹೊಡೆದು ಕೊಂದಿತು. ಆ ಬಡಪಾಯಿಯದು ಎಳ್ಳಷ್ಟೂ ತಪ್ಪಿಲ್ಲ. ಗಾಡಿಯಲ್ಲಿ ಬರುವ ಅಪರಿಚಿತರಿಗೆ ಹೆದರಿ ಕೂತ ಊರಿಗೆ, ಗಾಡಿಯಲ್ಲಿ ಒಬ್ಬ ಅಪರಿಚಿತನನ್ನೇ ಕಳಿಸಿದ ಯೋಜನೆಯದು ತಪ್ಪು. ಅದೇ ವರ್ಷ ನಮ್ಮ ರಾಯಚೂರಿಗೆ ಹೊಂದಿಕೊಂಡ ತೆಲಂಗಾಣದ ಜೋಗುಳಾಂಬ ಗದ್ವಾಲ್ ಜಿಲ್ಲೆಯಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿನ ಎಸ್‌ಪಿ ರೇಮಾ ರಾಜೇಶ್ವರಿ ಪ್ರತಿ ಹಳ್ಳಿಗೂ ಒಬ್ಬೊಬ್ಬ ಪೊಲೀಸರನ್ನು ಮೊದಲೇ ಹಂಚಿಕೊಟ್ಟಿದ್ದರು. ಅವರಿಗೆ ಊರಿನ ಮನೆಗಳ ಪರಿಚಯವಿತ್ತು. ಹಾಗಾಗಿಯೇ ಜನ ಫೋನ್ ನೋಡಿ ಹೆದರುತ್ತಿದ್ದಾರೆ ಎಂಬ ಸುದ್ದಿ ಬೇಗ ಠಾಣೆ ತಲುಪಿತು. ಪೊಲೀಸರು ಹಳ್ಳಿಯ ವಾಟ್ಸಾಪ್ ಗುಂಪುಗಳಿಗೆ ಸೇರಿದರು, ಜನಪದ ಹಾಡುಗಾರರು ತಮಟೆ ಹಿಡಿದು ನಕಲಿ ವಿಡಿಯೊಗಳ ಮೇಲೆ ಹಾಡು ಕಟ್ಟಿದರು. ಸುತ್ತಲಿನ ಸೀಮೆಯಲ್ಲಿ ವದಂತಿ ಜೀವ ತೆಗೆಯುತ್ತಿದ್ದಾಗ ಅವರ ವ್ಯಾಪ್ತಿಯ ನಾನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಂದು ಸಾವೂ ವರದಿಯಾಗಲಿಲ್ಲ. ಎರಡೂ ಕಡೆ ಸಾರಿದ ಮಾತು ಒಂದೇ. ಒಂದು ಕಡೆ ಆಡಿದವರು ಊರಿಗೆ ಗೊತ್ತಿದ್ದವರು. ಪೋಲಿಯೊ ಕಥೆಯೂ ಇದೇ. ಉತ್ತರ ಪ್ರದೇಶದಲ್ಲಿ ಲಸಿಕೆಯಿಂದ ಬಂಜೆತನ ಬರುತ್ತದೆಂಬ ಗಾಳಿಸುದ್ದಿ ಹಬ್ಬಿದ್ದಾಗ ನೀವಿನ್ನೂ ಹುಟ್ಟಿರಲಿಲ್ಲ. ಅದನ್ನು ಸೋಲಿಸಿದ್ದು ಅದೇ ಓಣಿಗಳ ಹೆಂಗಸರು, ವರ್ಷಗಟ್ಟಲೆ ಮನೆ ಮನೆ ಹತ್ತಿಳಿದು. ನೈಸರ್ಗಿಕ ಪೋಲಿಯೊ ವೈರಸ್ಸಿನಿಂದ ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ.

ಫಾರ್ವರ್ಡ್: ಈಗ ಕಂಪನಿಯವರೇ ನನ್ನ ಕಾಲು ಕಟ್ಟಿದ್ದಾರಲ್ಲ, ಇನ್ನೇನು ಬೇಕು ನಿಮಗೆ?

ನಾವು: ಕಟ್ಟಿದ್ದಾರೆ, ಒಪ್ಪೋಣ. 2018ರ ಜುಲೈನಲ್ಲಿ, ಮುರ್ಕಿಯ ಕೊಲೆಯ ಮರುವಾರ, ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಕಳಿಸಬಹುದೆಂದರು. 2020ರ ಏಪ್ರಿಲ್‌ನಲ್ಲಿ ನಿಮ್ಮಂಥ ಎರಡು ಬಾಣದವರಿಗೆ ಒಮ್ಮೆಗೆ ಒಂದೇ ಕಡೆ ಎಂದರು. ಅದರಿಂದ ಅತಿಯಾಗಿ ಫಾರ್ವರ್ಡ್ ಆಗುವ ಸಂದೇಶಗಳು ಶೇಕಡಾ 70ರಷ್ಟು ಇಳಿದವೆಂದು ಕಂಪನಿ ಹೇಳಿಕೊಂಡಿತು. ವೇಗಕ್ಕೆ ಕಡಿವಾಣ ಬಿತ್ತು, ಭಯಕ್ಕೆ ಬೀಳಲಿಲ್ಲ. ಆ ಏಪ್ರಿಲ್‌ನಲ್ಲೇ ಬೆಂಗಳೂರಿನಲ್ಲಿ ಕೋವಿಡ್ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು.

ಫಾರ್ವರ್ಡ್: ಹಾಗಾದರೆ ಒಂದು ಕಾರ್ಯಾಗಾರ ಇಟ್ಟುಕೊಳ್ಳಿ. ಬ್ಯಾನರಿಗೆ ನನ್ನದೇ ಫೋಟೊ ಹಾಕಿ.

ನಾವು: ಅದರ ಫಲವನ್ನೂ ಅಳೆದು ನೋಡಿದ್ದಾರೆ. ಬಿಹಾರದಲ್ಲಿ 2019ರ ಚುನಾವಣೆಯ ಹೊತ್ತಿಗೆ ಮನೆಗೇ ಹೋಗಿ ಸುಮಾರು ಒಂದು ಗಂಟೆ ಮಾಧ್ಯಮ ಸಾಕ್ಷರತೆಯ ಪಾಠ ಮಾಡಿದರು. ಸುಳ್ಳು ಗುರುತಿಸುವ ಶಕ್ತಿ ಒಟ್ಟಾರೆ ಹೆಚ್ಚಲಿಲ್ಲ ಎಂದು ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಬರೆದರು. ಮುಂದೆ ಅದೇ ರಾಜ್ಯದಲ್ಲಿ ಅವರೂ ಸಂಗಡಿಗರೂ ಹದಿಮೂರು ಸಾವಿರಕ್ಕೂ ಹೆಚ್ಚು ಮಕ್ಕಳಿಗಾಗಿ, ಹಳ್ಳಿಗಾಡಿನ ಗ್ರಂಥಾಲಯಗಳಲ್ಲಿ, ವಾರಗಳ ಕಾಲ ಹಲವು ತರಗತಿಗಳನ್ನು ನಡೆಸಿ ನೋಡಿದಾಗ ಫಲ ಕಂಡಿತು, ತಿಂಗಳುಗಳ ನಂತರವೂ ಉಳಿದಿತ್ತು. ಒಂದೇ ದಿನದಲ್ಲಿ ಮುಗಿಸಿ, ಹಾಜರಿ ಹಾಕಿಸಿ, ಪ್ರಮಾಣಪತ್ರ ಕೊಡುವ ನಮ್ಮ ಪದ್ಧತಿಗೆ ಇದಕ್ಕಿಂತ ನೇರವಾದ ತೀರ್ಪು ಬೇಕಿಲ್ಲ.

ಫಾರ್ವರ್ಡ್: ಸರಿ ಸ್ವಾಮಿ. ಆದರೆ ಆ ಅಂಗನವಾಡಿ ಟೀಚರಮ್ಮನ ಕಷ್ಟ ಯಾರಾದರೂ ಕೇಳಿದಿರಾ? ರಿಜಿಸ್ಟರು ಬರೀಬೇಕು, ಪೋಷಣ್ ಟ್ರ್ಯಾಕರ್ ತುಂಬಬೇಕು, ತೂಕ ನೋಡಬೇಕು, ಮೊಟ್ಟೆ ಬೇಯಿಸಬೇಕು. ಈಗ ನನ್ನ ಹಿಂದೆಯೂ ಓಡಬೇಕಾ, ಅದೇ ಗೌರವಧನಕ್ಕೆ?

ನಾವು: ಈ ಮಾತುಕತೆಯಲ್ಲಿ ನೀವು ಎತ್ತಿದ ಅತ್ಯಂತ ಬಲವಾದ ಆಕ್ಷೇಪ ಇದು. ನಿಮ್ಮ ಬಾಯಲ್ಲಿ ಬಂದಿತೆಂದು ತಳ್ಳಿಹಾಕುವ ಹಾಗಿಲ್ಲ. ಮಾಧ್ಯಮ ಸಾಕ್ಷರತೆಯನ್ನು ಇನ್ನೊಂದು ನಮೂನೆ, ಇನ್ನೊಂದು ಆ್ಯಪ್ ಮಾಡಿ ಅವರ ತಲೆಗೆ ಕಟ್ಟಿದರೆ ಅದು ಮೊದಲ ದಿನವೇ ಸಾಯುತ್ತದೆ, ಸಾಯಬೇಕು ಕೂಡ. ಆದರೆ ಗದ್ವಾಲ್ ಕೇಳಿದ್ದು ಹೊಸ ನಮೂನೆಯನ್ನಲ್ಲ, ಊರಿನ ಪರಿಚಯವನ್ನು. ಆ ಪರಿಚಯ ನಮ್ಮ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಈಗಾಗಲೇ ಇದೆ. ಯಾವ ಮನೆಯ ಸೊಸೆ ಬಸುರಿ, ಯಾವ ಮಗು ಶಾಲೆ ಬಿಟ್ಟಿದೆ ಎಂದು ಇಲಾಖೆಗಿಂತ ಮೊದಲು ಅವರಿಗೆ ಗೊತ್ತು. ಮನೆಭೇಟಿಯ ಹೊತ್ತನ್ನು ಫೋನಿಗೆ ಅಂಕಿಅಂಶ ತುಂಬುವುದರಲ್ಲಿ ಕಳೆಯುವಂತೆ ಮಾಡಿ, ಆಮೇಲೆ ಜನ ನಿಮ್ಮ ಮಾತು ಏಕೆ ಕೇಳುವುದಿಲ್ಲ ಎಂದು ಅವರನ್ನೇ ಕೇಳುವುದು ಇಲಾಖೆಯ ಚಾಳಿ. ಎರಡು ನಮೂನೆ ಕಡಿಮೆ ಮಾಡಿ, ಹದಿನೈದು ನಿಮಿಷ ಜಗಲಿಯ ಮೇಲೆ ಕೂರಲು ಬಿಡಿ. ಗೌರವಧನವನ್ನು ಸಂಬಳವಾಗಿಸಿ. ಸಂವಹನ ಕೌಶಲಕ್ಕೆ ಸರ್ಕಾರ ಮಾಡಬಹುದಾದ ಅತಿ ದೊಡ್ಡ ಹೂಡಿಕೆ ಅದೇ.

ಫಾರ್ವರ್ಡ್: ಹೊರಡ್ತೀನಿ, ಹತ್ತು ಜನ ಕಾಯ್ತಿದ್ದಾರೆ. ಒಂದೇ ಕೋರಿಕೆ, ಪ್ರಕಟಿಸುವಾಗ ನನ್ನ ಮೇಲೆ ತಾರೀಕು ಹಾಕಬೇಡಿ. ತಾರೀಕು ಬಿದ್ದರೆ ನಾನು ಹಳೇ ಸುದ್ದಿ ಆಗ್ತೀನಿ. ಊರಿನ ಹೆಸರಂತೂ ಬೇಡವೇ ಬೇಡ.

ಆ ಕೋರಿಕೆಯನ್ನು ನಾವು ನಡೆಸಿಕೊಡಲಿಲ್ಲ. ಓದುಗರಲ್ಲಿ ಆಶಾ, ಅಂಗನವಾಡಿ, ಮಕ್ಕಳ ರಕ್ಷಣಾ ಘಟಕ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿದ್ದರೆ ದಯವಿಟ್ಟು ಇಂದು ಕಳಿಸುವ ಸಂದೇಶದಿಂದಲೇ ತಾರೀಕು, ಊರು, ನಿಮ್ಮ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಕೊನೆಯಲ್ಲಿ ಬರೆದರೆ ಕತ್ತರಿಗೆ ಸಿಗುತ್ತದೆ. ಮಗುವೊಂದು ಅಪಾಯದಲ್ಲಿದೆ ಎನಿಸಿದರೆ ಗುಂಪಿಗೆ ಹಾಕಬೇಡಿ, 1098ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ.