ಏಳಿಂಚಿನ ಸಂಸಾರ

ನಮ್ಮ ಕಾರಿನ ಸ್ಟೀರಿಯೋ ಬದಲಾಯಿಸಬೇಕಾಗಿ ಬಂದದ್ದು ನಾಟಕದ ಮಾಸ್ಟರ್ ಹಿರಣ್ಣಯ್ಯನವರ ದೆಸೆಯಿಂದ. ಮೈಸೂರಿನಿಂದ ಮಾವನವರು ‘ಲಂಚಾವತಾರ’ವನ್ನು ಸಿ.ಡಿ.ಗೆ ಇಳಿಸಿ, ಮೇಲೆ ಕಾಗದದ ಚೀಟಿ ಅಂಟಿಸಿ ಕಳಿಸಿದ್ದರು. ಲಂಚದ ವಿರುದ್ಧದ ನಾಟಕ, ಪ್ರತಿ ಮಾತ್ರ ಕಳ್ಳ ಪ್ರತಿ! ಬಿಸಿಲಿಗೆ ಚೀಟಿಯ ಗೋಂದು ಬಿಟ್ಟುಕೊಂಡು ಸಿ.ಡಿ. ಒಳಗೇ ಕಚ್ಚಿಕೊಂಡಿತು. ಎಜೆಕ್ಟ್ ಒತ್ತಿದರೆ ಗರ್ರ್ ಅನ್ನುತ್ತದೆ, ಹೊರಗೆ ಬರುವುದಿಲ್ಲ. “ಅದಕ್ಕೆ ಗ್ರೀನ್ ಕಾರ್ಡ್ ಸಿಕ್ಕಿದೆ ಕಣೇ, ಇನ್ನೆಲ್ಲಿ ವಾಪಸ್ ಬರುತ್ತೆ” ಅಂದರು ನಮ್ಮ ಯಜಮಾನರು, ವರ್ಷಗಟ್ಟಲೆ ಆ ಸಾಲಿನಲ್ಲೇ ನಿಂತಿರುವವರ ಹೊಟ್ಟೆಯುರಿಯಲ್ಲಿ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಮ್ಮಂಥವರ ಮನೆ ಮುಂದೆ ಎರಡು ಕಾರು. ಒಂದು ಚಾರ್ಜ್ ಆಗುವುದು, ಇನ್ನೊಂದು ‘ಓಡ್ತಾ ಇದೆಯಲ್ಲ’ ಅನ್ನುವುದು. 2010ರ ಈ ಗಾಡಿ ಎರಡನೇ ಜಾತಿಯದು. ಇದಕ್ಕೊಂದು ಟಚ್‌ಸ್ಕ್ರೀನ್ ಹಾಕಿಸೋಣ ಅಂತ ಹೊರಟ ಯಜಮಾನರು ರಾತ್ರಿಯೆಲ್ಲ ಜಾಲಾಡಿ ಒಂದನ್ನು ಹಿಡಿದರು. ಏಳಿಂಚಿನ ಪರದೆ, 90 ಡಾಲರ್, ನಾಲಿಗೆ ಹೊರಳದಂಥ ಕಂಪನಿ ಹೆಸರು. ಹೆಸರಾಂತ ಕಂಪನಿಯವು 250 ಡಾಲರಿನಿಂದ ಮೇಲಕ್ಕೆ. ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ ಎರಡನ್ನೂ ರೂಪಾಯಿಗೆ ಗುಣಿಸಿ ನೋಡಿ, ಕಾಫಿ ಲೋಟ ಕೆಳಗಿಟ್ಟು, “ಹಾಡು ಬೇಕಾದ್ರೆ ನಾನೇ ಹಿಂದಿನ ಸೀಟಲ್ಲಿ ಕೂತು ಹೇಳ್ತೀನಪ್ಪ” ಅಂದರು. ಆ ಬೆದರಿಕೆಯ ನಂತರ ಸ್ಟೀರಿಯೋ ಬೇಕೇ ಬೇಕು ಅಂತ ಎಲ್ಲರಿಗೂ ಅನಿಸಿತು.

“ನಾಲ್ಕು ಸ್ಪೀಕರು, ಒಂದೊಂದಕ್ಕೆ 60 ವ್ಯಾಟು!” ಅಂತ ಯಜಮಾನರ ವಾದ. ಕಾರಿನ ಬ್ಯಾಟರಿಯ ಹನ್ನೆರಡು-ಹದಿನಾಲ್ಕು ವೋಲ್ಟಿನಲ್ಲಿ ಸ್ಟೀರಿಯೋ ಒಳಗಿನ ಚಿಪ್ ಒಂದು ಸ್ಪೀಕರಿಗೆ ಅರಚದೆ ಕೊಡಬಲ್ಲದ್ದು ಸುಮಾರು 20 ವ್ಯಾಟ್. ಮಿಕ್ಕದ್ದು ಪೆಟ್ಟಿಗೆಯ ಮೇಲಿನ ಮುದ್ರಣದ ಶಕ್ತಿ. ವಿಮರ್ಶೆಗಳೂ ಹಾಗೇ. ಐದು ನಕ್ಷತ್ರ ಕೊಟ್ಟವರೆಲ್ಲ “ಇವತ್ತೇ ಬಂತು, ತುಂಬಾ ಚೆನ್ನಾಗಿದೆ” ಅಂದವರು. ಒಂದು ನಕ್ಷತ್ರ ಕೊಟ್ಟವರು ಒಂದು ಬೇಸಿಗೆ ಕಳೆದವರು. ನಕ್ಷತ್ರಕ್ಕಿಂತ ತಾರೀಖು ನೋಡಬೇಕು.

ಮಗಳದು ಇನ್ನೊಂದು ವರಾತ. ಅವಳಿಗೆ ಆಗಲೇ ಡ್ರೈವಿಂಗ್ ಪರ್ಮಿಟ್ ಬಂದಿದೆ, ಗಾಡಿ ನಾಳೆ ಅವಳದೇ. “ಅಪ್ಪಾ, ಕಾರ್‌ಪ್ಲೇ ಇಲ್ಲದ ಕಾರಲ್ಲಿ ಸ್ಕೂಲಿಗೆ ಹೋಗೋಕಾಗಲ್ಲ.” ಕಾರ್‌ಪ್ಲೇ ಅಂದರೆ ಫೋನನ್ನೇ ಕಾರಿನ ಪರದೆಯಲ್ಲಿ ತೋರಿಸುವುದು. ಕ್ಯಾಲಿಫೋರ್ನಿಯಾದಲ್ಲಿ 18 ತುಂಬದವರು ಗಾಡಿ ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿಯದೆಯೂ ಬಳಸುವಂತಿಲ್ಲ ಅಂತ ನಾನು ಕಾನೂನು ತೆಗೆದೆ. ಅವಳು ಹೆಡ್‌ಫೋನ್ ಹಾಕಿಕೊಂಡಳು.

ಅಗ್ಗದ ಪರದೆ ಹೇಗಿರುತ್ತದೆ ಅಂತ ನೋಡುವ ಭಾಗ್ಯ ಕನ್ನಡ ಕೂಟದ ಗೆಳೆಯರೊಬ್ಬರ ಕಾರಿನಲ್ಲಿ ಒದಗಿತು. ಅವರದು ಹೊಟ್ಟೆಯೊಳಗೇ ಆಂಡ್ರಾಯ್ಡ್ ಇಟ್ಟುಕೊಂಡ ಜಾತಿ. ಹೊರಟು ಎರಡು ಸಿಗ್ನಲ್ ದಾಟಿದರೂ ಅದಿನ್ನೂ ಕಣ್ಣು ಬಿಡುತ್ತಿತ್ತು. ಬಿಟ್ಟ ಮೇಲೆ ನೋಡಿದರೆ ಗಡಿಯಾರ ಸೊನ್ನೆಗೆ ಬಂದಿದೆ, ನಿನ್ನೆ ಜೋಡಿಸಿದ್ದ ಫೋನಿನ ಪರಿಚಯವೇ ಇಲ್ಲ. ಹಾಕುವಾಗ ಹಳದಿ ತಂತಿ, ಕೆಂಪು ತಂತಿ ಅದಲುಬದಲಾಗಿದ್ದವಂತೆ. ಹಳದಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ತು ಇರಬೇಕು, ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಜಿ.ಪಿ.ಎಸ್. ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಕಬ್ಬಿಣದ ಕೆಳಗೆ ತುರುಕಿದ್ದರಿಂದ, ಡಂಬಾರ್ಟನ್ ಸೇತುವೆ ಮೇಲೆ ನಾವು ಹೋಗುತ್ತಿದ್ದರೆ ನಕ್ಷೆಯಲ್ಲಿ ಕಾರು ಪಕ್ಕದ ಕೊಲ್ಲಿಯ ನೀರಿನಲ್ಲಿ ಸಾಗುತ್ತಿತ್ತು. ಅತ್ತೆ ಸೆರಗು ಬಿಗಿಹಿಡಿದು, “ರಾಘವೇಂದ್ರ!” ಅಂದರು.

ಮತ್ತೆ ಜೋಡಿಸಿಕೊಂಡಿದ್ದ ಗೆಳೆಯರ ಹೆಂಡತಿಯ ಫೋನಿಗೆ ಆಗಲೇ ಕರೆ ಬಂತು. ಆಕೆ ತಮ್ಮ ನಾದಿನಿಯ ನಂಬರನ್ನು ‘ಎತ್ತಿದರೆ ಒಂದು ಗಂಟೆ’ ಎಂಬ ಹೆಸರಿನಲ್ಲಿ ಉಳಿಸಿಕೊಂಡಿದ್ದರು. ಅದು ಏಳಿಂಚು ಉದ್ದಕ್ಕೂ, ಅಚ್ಚಗನ್ನಡದಲ್ಲಿ, ನಾದಿನಿಯ ಅಣ್ಣನ ಕಣ್ಣ ಮುಂದೆ ಹೊಳೆಯಿತು. ಪರದೆ ಅಷ್ಟೊತ್ತೂ ಮಸುಕಾಗಿತ್ತು, ಬಿಸಿಲಿಗೆ ಒಂದಕ್ಷರ ಕಾಣುತ್ತಿರಲಿಲ್ಲ. ಆ ಹೆಸರು ಮಾತ್ರ ಸ್ಪಷ್ಟವಾಗಿತ್ತು. ಮುಂದಿನ ದಾರಿ ಮೌನ. ಹಾಡಿನ ಶಬ್ದ ತಗ್ಗಿಸೋಣವೆಂದರೆ ತಿರುಗಿಸುವ ಗುಂಡಿಯಿಲ್ಲ, ಗಾಜಿನ ಮೇಲೆ ಒಂದೇ ಜಾಗವನ್ನು ಕುಟ್ಟುತ್ತಿರಬೇಕು.

ಮನೆಗೆ ಬಂದು ನಾನು ಕಾಗದ ಪೆನ್ನು ಹಿಡಿದೆ. 90 ಡಾಲರ್ ಅನ್ನುವುದು ಬರೀ ಪರದೆಗೆ. ಅದರ ಅಳತೆ ಡಬಲ್ ಡಿನ್, ಅಂದರೆ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಸುತ್ತ ಉಳಿಯುವ ಸಂದಿ ಮುಚ್ಚಲು ಡ್ಯಾಶ್ ಕಿಟ್, ಕಾರಿನ ಮೂಲ ತಂತಿ ಕತ್ತರಿಸದೆ ಜೋಡಿಸಲು ಹಾರ್ನೆಸ್, ಸ್ಟೀರಿಂಗಿನ ಗುಂಡಿಗಳು ಕೆಲಸ ಮಾಡಬೇಕಾದರೆ ಅದಕ್ಕೊಂದು ಅಡಾಪ್ಟರು, ಹಾಕುವವನ ಕೂಲಿ. ಕೂಡಿದರೆ ಪರದೆಯ ಬೆಲೆಗಿಂತ ಇವುಗಳದೇ ಹೆಚ್ಚು. “ಹಾಡು, ನಕ್ಷೆ ಎರಡಕ್ಕೂ 20 ಡಾಲರಿನ ಫೋನ್ ಸ್ಟ್ಯಾಂಡು, ಒಂದು ಆಕ್ಸ್ ವೈರು ಸಾಲದೇನ್ರೀ?” ಅಂದೆ. ಯಜಮಾನರು ಮಾತಾಡಲಿಲ್ಲ.

ಮಾತಾಡಿದ್ದು ಅತ್ತೆಯ ರಂಗೋಲಿ. ಬೆಳಿಗ್ಗೆ ಗ್ಯಾರೇಜಿನ ಮುಂದೆ ಅವರು ಬಗ್ಗಿ ಚುಕ್ಕಿಯಿಡುತ್ತಿದ್ದರು, ಮಗಳು ಗಾಡಿಯನ್ನು ರಿವರ್ಸಿಗೆ ಹಾಕಿದಳು. ನಾನು ಕಿರುಚಿದ್ದಕ್ಕೆ ಬ್ರೇಕು ಬಿತ್ತು. ಅಮೆರಿಕದಲ್ಲಿ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾದದ್ದು 2018ರ ಮೇ ತಿಂಗಳಿನಿಂದ. ನಮ್ಮದು ಅದಕ್ಕೂ ಮೊದಲಿನದು. ಬಂಪರಿನ ಹಿಂದೆ ಬಗ್ಗಿ ಕೂತವರು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಕ್ಯಾಮೆರಾ ಹಾಕಿಸಿದರೆ ತೋರಿಸಲು ಪರದೆ ಬೇಕಲ್ಲ, ಅವತ್ತೇ ಸ್ಟೀರಿಯೋ ತೀರ್ಮಾನವಾಯಿತು. ಈ ಸಲ ಅತ್ತೆ ಗುಣಾಕಾರ ಮಾಡಲಿಲ್ಲ.

ಹಾಗಾಗಿ ಕೇಳುವವರಿಗೆ ನನ್ನ ತೀರ್ಪು ಇಷ್ಟೇ. ಹಾಡಿಗಾಗಿ ಅಗ್ಗದ ಪರದೆ ದಂಡ, ಹಿಂದೆ ನೋಡಲಿಕ್ಕಾದರೆ ಲಾಭ. ಆಂಡ್ರಾಯ್ಡ್ ತುಂಬಿದ್ದು ಬೇಡ. ಫೋನನ್ನೇ ತೋರಿಸುವಂಥದ್ದು, ಕ್ಯಾಮೆರಾ ತಂತಿಗೆ ಜಾಗ ಇರುವಂಥದ್ದು, ಶಬ್ದಕ್ಕೆ ನಿಜವಾದ ತಿರುಗುಗುಂಡಿ ಇರುವಂಥದ್ದು ತಗೊಳ್ಳಿ. ಉಳಿಸಿದ ದುಡ್ಡನ್ನು ಹಾರ್ನೆಸ್ಸಿಗೂ ಕೂಲಿಗೂ ಹಾಕಿ. ಫೋನ್ ಜೋಡಿಸುವ ಮುನ್ನ ಮಾತ್ರ, ದಯವಿಟ್ಟು, ನಿಮ್ಮ ನಾದಿನಿಯ ಹೆಸರನ್ನೊಮ್ಮೆ ಸರಿಪಡಿಸಿಕೊಳ್ಳಿ.